ಪಿಯಾನೋ ಮೇಲಿನ ಮುಖಗಳು, ಬಿಂದಿಗೆ ಮೇಲಿನ ಹೆಸರು

ನಿಮ್ಮ ಮನೆಯ ಹಳೆಯ ಪಾತ್ರೆಗಳನ್ನು ಯಾವಾಗಲಾದರೂ ತಿರುಗಿಸಿ ನೋಡಿದ್ದೀರಾ? ಕಂಠದ ಕೆಳಗೋ ಹೊಟ್ಟೆಯ ಮೇಲೋ ಚುಕ್ಕೆ ಚುಕ್ಕೆಯಾಗಿ ಹೊಡೆಸಿದ ಹೆಸರಿರುತ್ತದೆ. ಅಜ್ಜಿಯ ಹೆಸರು, ಮದುವೆಯ ಇಸವಿ, ಸೋದರಮಾವ ಕೊಟ್ಟದ್ದಾದರೆ ಅವನ ಹೆಸರು. ಹುಣಿಸೆಹಣ್ಣು ಹಚ್ಚಿ ತಿಕ್ಕುವಾಗ ಆ ಚುಕ್ಕೆಗಳಲ್ಲಿ ಕಿಲುಬು ಸೇರಿಕೊಂಡು ಬೇಗ ಹೋಗುವುದಿಲ್ಲ, ಅದಕ್ಕೆ ನಾವು ಬೈದುಕೊಳ್ಳುತ್ತೇವೆಯೇ ಹೊರತು ಆ ಹೆಸರನ್ನು ಓದಲು ಹೋಗುವುದಿಲ್ಲ.

ನಾನು ಇವತ್ತು ಹೇಳಹೊರಟಿರುವುದು ಪಾತ್ರೆಯ ವಿಷಯವಲ್ಲ, ನಾಟಕದ ವಿಷಯ. ಆದರೆ ಆ ನಾಟಕ ನೋಡಿದ ಮೇಲೆ ನಮ್ಮ ಮನೆಯ ಒಂದು ಬಿಂದಿಗೆ ನನಗೆ ನಿದ್ದೆ ಕೆಡಿಸಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಇಂಗ್ಲಿಷ್ ನಾಟಕದ ಬಗ್ಗೆ ಬರೆಯಲು ಇವಳಿಗೇನು ಗೊತ್ತು ಅಂತ ನೀವು ಕೇಳಿದರೆ ತಪ್ಪಿಲ್ಲ. ನನ್ನ ಮಗಳು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಳೆ. ಕಳೆದ ದಸರಾ ರಜಕ್ಕೆ ಬಂದವಳು ಒಂದು ಸಂಜೆ, "ಅಮ್ಮಾ, ಸೀರಿಯಲ್ಲು ಇದ್ದದ್ದೇ. ಇವತ್ತು ನನ್ನ ಜೊತೆ ಒಂದು ಸಿನಿಮಾ ನೋಡು, ನಮ್ಮ ಪಾಠಕ್ಕೆ ಬಂದಿರೋ ನಾಟಕ ಅದು" ಅಂದಳು. ಟೀವಿಗೆ ಅದೇನೋ ಜೋಡಿಸಿ ಹಾಕಿದಳು. ಅಮೆರಿಕದ ಕರಿಯ ಜನರ ಮಾತು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ. ಅರ್ಧ ನಾನು ಓದುವಷ್ಟರಲ್ಲಿ ಇನ್ನೊಂದು ಸಾಲು ಬಂದಿರುತ್ತಿತ್ತು. ಅವಳು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದಳು. ಮಧ್ಯೆ ಎರಡು ಸಲ ಕುಕ್ಕರ್ ಕೂಗಿತು, ಒಂದು ಸಲ ಹಾಲಿನವನು ಬಂದ. ಎರಡು ಗಂಟೆಯ ಸಿನಿಮಾ ಮುಗಿಯುವಾಗ ರಾತ್ರಿ ಹನ್ನೊಂದೂವರೆ. ಮುಂದಿನ ಸಲ ಬರುವಾಗ ಆ ನಾಟಕದ ಪುಸ್ತಕವನ್ನೇ ಲೈಬ್ರರಿಯಿಂದ ತಂದು, ನಾನು ಚಪಾತಿ ಲಟ್ಟಿಸುವಾಗ ಓದಿ ಓದಿ ಅರ್ಥ ಹೇಳಿದಳು. ನನ್ನ ಬಂಡವಾಳ ಇಷ್ಟೇ.

ನಾಟಕದ ಹೆಸರು 'ದಿ ಪಿಯಾನೋ ಲೆಸನ್'. ಅಂದರೆ ಪಿಯಾನೋ ಪಾಠ. ಬರೆದವರು ಆಗಸ್ಟ್ ವಿಲ್ಸನ್. 1945ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡರು. ತಾಯಿ ಬೇರೆಯವರ ಮನೆ ಗುಡಿಸಿ ಒರೆಸಿ ಮಕ್ಕಳನ್ನು ಸಾಕಿದಾಕೆ. ಹದಿನೈದನೆಯ ವಯಸ್ಸಿನಲ್ಲಿ ಹುಡುಗ ನೆಪೋಲಿಯನ್ ಬಗ್ಗೆ ಒಂದು ಪ್ರಬಂಧ ಬರೆದುಕೊಂಡು ಹೋದರೆ, ಇಷ್ಟು ಚೆನ್ನಾಗಿ ನೀನು ಬರೆದಿರಲಾರೆ, ಕದ್ದು ತಂದಿದ್ದೀಯ ಅಂದರಂತೆ ಮೇಷ್ಟರು. ಹುಡುಗ ಶಾಲೆಗೇ ಶರಣು ಹೊಡೆದ. ಆಮೇಲೆ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ತಾನೇ ಓದಿಕೊಂಡ. ಇಂಥವರು ಬರೆದ ಹತ್ತು ನಾಟಕಗಳಲ್ಲಿ ಇಪ್ಪತ್ತನೆಯ ಶತಮಾನದ ಒಂದೊಂದು ದಶಕಕ್ಕೆ ಒಂದೊಂದು. ಕರಿಯ ಜನರ ಮನೆಗಳಲ್ಲಿ ನೂರು ವರ್ಷ ಏನೇನು ನಡೆಯಿತು ಎಂಬ ಲೆಕ್ಕ ಅದು. ಪಿಯಾನೋ ನಾಟಕ ಮೊದಲು ರಂಗಕ್ಕೆ ಬಂದದ್ದು 1987ರಲ್ಲಿ, ಅದಕ್ಕೆ ಅಲ್ಲಿಯ ದೊಡ್ಡ ಪುಲಿಟ್ಜರ್ ಬಹುಮಾನ ಸಿಕ್ಕಿದ್ದು 1990ರಲ್ಲಿ. ನಾವು ನೋಡಿದ ಸಿನಿಮಾ 2024ರದು. ಹೆಸರಾಂತ ನಟ ಡೆನ್ಜಲ್ ವಾಷಿಂಗ್ಟನ್ ಅವರ ಒಬ್ಬ ಮಗ ನಿರ್ದೇಶಕ, ಇನ್ನೊಬ್ಬ ಮಗ ನಾಯಕ. ಮನೆಮಕ್ಕಳೆಲ್ಲ ಸೇರಿ ಮನೆತನದ ಕಥೆಯನ್ನೇ ಮಾಡಿದ್ದಾರೆ ನೋಡಿ.

ಕಥೆ ಕೇಳಿ. 1936ನೇ ಇಸವಿ. ನಾಟಕ ಪೂರ್ತಿ ನಡೆಯುವುದು ಒಂದು ಮನೆಯ ಅಡುಗೆಮನೆ ಮತ್ತು ನಡುಮನೆಯಲ್ಲಿ. ಬರ್ನೀಸ್ ಎಂಬಾಕೆ ಗಂಡ ಸತ್ತವಳು, ಹನ್ನೊಂದು ವರ್ಷದ ಮಗಳು ಮರೀಥಾ ಜೊತೆ ಚಿಕ್ಕಪ್ಪ ಡೋಕರ್ ಮನೆಯಲ್ಲಿದ್ದಾಳೆ. ಚಿಕ್ಕಪ್ಪ ರೈಲಿನಲ್ಲಿ ಅಡುಗೆ ಮಾಡುವವನು. ನಡುಮನೆಯಲ್ಲಿ ಒಂದು ಹಳೆಯ ಪಿಯಾನೋ. ಅದರ ಮೈತುಂಬಾ ಕೆತ್ತನೆ. ನಮ್ಮ ತೊಟ್ಟಿಮನೆಗಳ ಬಾಗಿಲವಾಡದ ಮೇಲೆ ಬಳ್ಳಿ, ಗಿಳಿ ಕೆತ್ತಿರುತ್ತಾರಲ್ಲ, ಹಾಗಲ್ಲ. ಇದರ ಮೇಲಿರುವುದು ಮನುಷ್ಯರ ಮುಖ.

ಒಂದು ದಿನ ಬೆಳಗಿನ ಜಾವ ಐದು ಗಂಟೆಗೆ ತಮ್ಮ ಬಾಯ್ ವಿಲೀ ಬಾಗಿಲು ಬಡಿಯುತ್ತಾನೆ. ದಕ್ಷಿಣದ ಮಿಸಿಸಿಪಿಯಿಂದ ಲಾರಿ ತುಂಬ ಕಲ್ಲಂಗಡಿ ಹೇರಿಕೊಂಡು ಬಂದಿದ್ದಾನೆ. ಅಲ್ಲಿ ಸಟರ್ ಎಂಬ ಬಿಳಿಯ ಜಮೀನುದಾರ ಬಾವಿಗೆ ಬಿದ್ದು ಸತ್ತಿದ್ದಾನೆ, ಅವನ ಜಮೀನು ಮಾರಾಟಕ್ಕಿದೆ. ಯಾವ ಜಮೀನು? ಇವರ ಅಜ್ಜ ಮುತ್ತಜ್ಜಂದಿರು ಗುಲಾಮರಾಗಿ ಉತ್ತ ಜಮೀನು. ತಮ್ಮನ ಲೆಕ್ಕ ನೇರ. ಕೂಡಿಟ್ಟ ಹಣ ಒಂದು ಪಾಲು, ಕಲ್ಲಂಗಡಿ ಮಾರಿದ್ದು ಒಂದು ಪಾಲು, ಪಿಯಾನೋ ಮಾರಿದ್ದು ಇನ್ನೊಂದು ಪಾಲು. ಮೂರೂ ಸೇರಿದರೆ ಜಮೀನು ತನ್ನದು.

"ಪಿಯಾನೋ ಮಾರೋದಿಲ್ಲ" ಎಂದು ಅಕ್ಕ ಕೂರುತ್ತಾಳೆ. ಇಷ್ಟೇ ಜಗಳ. ನಮ್ಮಲ್ಲೂ ಅಣ್ಣತಮ್ಮ ಅಕ್ಕತಂಗಿಯರು ಪಾಲಿಗಾಗಿ ಆಡುವ ಜಗಳವೇ ಅಲ್ಲವೇ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಚಿಕ್ಕಪ್ಪ ಡೋಕರ್ ಆ ಪಿಯಾನೋ ಕಥೆ ಹೇಳುತ್ತಾನೆ. ಕೈಯಲ್ಲಿದ್ದ ಹುರುಳಿಕಾಯಿ ಬಿಡಿಸುವುದನ್ನು ನಾನು ನಿಲ್ಲಿಸಿದ್ದು ಅಲ್ಲಿಯೇ.

ಗುಲಾಮಗಿರಿ ಇದ್ದ ಕಾಲ. ಅಮೆರಿಕದಲ್ಲಿ ಅದು ಕಾನೂನಿನಲ್ಲಿ ಹೋದದ್ದು 1865ರಲ್ಲಿ, ಇದು ಅದಕ್ಕೂ ಹಿಂದಿನ ಮಾತು. ಇವರ ಹಿರಿಯರು ಸಟರ್ ಮನೆತನದ ಗುಲಾಮರು. ಮದುವೆಯಾದ ದಿನದ ನೆನಪಿಗೆ ಹೆಂಡತಿ ಒಫೀಲಿಯಾಗೆ ಏನಾದರೂ ಕೊಡಬೇಕು ಎಂದು ಸಟರ್‌ಗೆ ಆಸೆ, ಕೈಯಲ್ಲಿ ಕಾಸಿಲ್ಲ. ಇನ್ನೊಬ್ಬನ ಬಳಿ ಪಿಯಾನೋ ಇತ್ತು. ಹಣದ ಬದಲು ಗುಲಾಮರನ್ನು ಕೊಟ್ಟು ತಂದ. ಎಷ್ಟು ಜನ? ಒಂದೂವರೆ! ಹೌದು, ಒಂದು ಪೂರ್ತಿ ಬೆಳೆದದ್ದು, ಒಂದು ಅರ್ಧ ಬೆಳೆದದ್ದು. ಬೆಳೆದದ್ದು ಅಂದರೆ ಒಬ್ಬ ಹೆಂಗಸು. ಅರ್ಧ ಅಂದರೆ ಅವಳ ಒಂಬತ್ತು ವರ್ಷದ ಮಗ. ನಾವು ಸಂತೆಯಲ್ಲಿ ಹಸು ಕರು ಅನ್ನುತ್ತೇವಲ್ಲ, ಹಾಗೆ. ಗಂಡನನ್ನು ಮಾತ್ರ ಮಾರಲಿಲ್ಲ, ಅವನು ಒಳ್ಳೆಯ ಬಡಗಿ, ಬೇಕಾಗಿದ್ದ.

ಒಫೀಲಿಯಾ ಕೆಲವು ಕಾಲ ಪಿಯಾನೋ ಬಾರಿಸಿ ಸಂತೋಷಪಟ್ಟಳು. ಆಮೇಲೆ ಬೇಸರ ಬಂತು. ಅಡುಗೆ ಮಾಡಿಕೊಟ್ಟು ಮನೆ ನೋಡಿಕೊಳ್ಳುತ್ತಿದ್ದ ಆ ಹೆಂಗಸು ಇಲ್ಲ, ಓಡಿ ಓಡಿ ಸಾಮಾನು ತಂದುಕೊಡುತ್ತಿದ್ದ ಆ ಹುಡುಗನಿಲ್ಲ. ವಾಪಸು ತಂದುಕೊಡಿ ಅಂದಳು. ಅವನು ಕೊಡಲಿಲ್ಲ. ಅವಳು ಊಟ ಬಿಟ್ಟು ಹಾಸಿಗೆ ಹಿಡಿದಳು. ಆಗ ಸಟರ್ ಆ ಬಡಗಿಯನ್ನು ಕರೆದು, ನಿನ್ನ ಹೆಂಡತಿ ಮಗನ ಮುಖವನ್ನು ಈ ಪಿಯಾನೋ ಮೇಲೆ ಕೆತ್ತು ಎಂದ. ಅಮ್ಮಾವ್ರು ನೋಡಿ ಸಮಾಧಾನ ಮಾಡಿಕೊಳ್ಳಲಿ ಅಂತ!

ಬಡಗಿ ಕೆತ್ತಿದ. ಹೆಂಡತಿಯನ್ನು ಕೆತ್ತಿದ, ಮಗನನ್ನು ಕೆತ್ತಿದ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ತನ್ನ ತಾಯಿ, ತನ್ನ ತಂದೆ, ತನ್ನ ಮದುವೆ, ಮಗ ಹುಟ್ಟಿದ್ದು, ತಾಯಿಯನ್ನು ಮಣ್ಣು ಮಾಡಿದ್ದು, ಕೊನೆಗೆ ಹೆಂಡತಿ ಮಗನನ್ನು ಕರೆದುಕೊಂಡು ಹೋದದ್ದು, ಎಲ್ಲವನ್ನೂ ಕೆತ್ತಿದ. ಯಜಮಾನನಿಗೆ ಸಿಟ್ಟು ಬಂತು, ಇಷ್ಟೆಲ್ಲ ಯಾರು ಕೆತ್ತು ಅಂದರು ಅಂತ. ಯಜಮಾನತಿಗೆ ಮಾತ್ರ ಬಹಳ ಇಷ್ಟವಾಯಿತಂತೆ. ಈಗ ಪಿಯಾನೋನೂ ಇದೆ, ನನ್ನ ಆಳುಗಳೂ ಇದ್ದಾರೆ ಅಂತ ಸಾಯುವವರೆಗೂ ಬಾರಿಸಿದಳು.

ಅಕ್ಕತಂಗಿಯರೇ, ಇಲ್ಲಿ ನನಗೆ ಆ ಒಫೀಲಿಯಾಳನ್ನು ಸುಮ್ಮನೆ ರಾಕ್ಷಸಿ ಅಂತ ತಳ್ಳಿಹಾಕಲು ಆಗಲಿಲ್ಲ. ಅವಳಿಗೆ ಆ ಹೆಂಗಸಿನ ಮೇಲೆ ಪ್ರೀತಿ ಇದ್ದಿರಬೇಕು. ಮನೆಗೆಲಸದವಳು ಊರಿಗೆ ಹೋದರೆ ನಮಗೂ ಮನೆ ಬಿಕೋ ಅನ್ನುವುದಿಲ್ಲವೇ? ಆದರೆ ಗಂಡ ಮಗ ಬೇರೆ ಬೇರೆಯಾದ ಆ ತಾಯಿಗೆ ಏನಾಗಿರಬಹುದು ಎಂದು ಅವಳಿಗೆ ಒಂದು ಸಲವೂ ಹೊಳೆಯಲಿಲ್ಲ. ಅವಳಿಗೆ ತಿಳಿದದ್ದು ತನ್ನ ಮನೆ ಖಾಲಿಯಾದದ್ದು ಮಾತ್ರ.

ಮುಂದೆ ಗುಲಾಮಗಿರಿ ಹೋಯಿತು, ಪಿಯಾನೋ ಸಟರ್ ಮನೆಯಲ್ಲೇ ಉಳಿಯಿತು. ಬರ್ನೀಸ್‌ಳ ತಂದೆಗೆ ಅದು ಮುಳ್ಳಾಯಿತು. ನಮ್ಮ ವಂಶದ ಕಥೆ ಪೂರ್ತಿ ಅವರ ನಡುಮನೆಯಲ್ಲಿರುವ ತನಕ ನಾವಿನ್ನೂ ಅವರ ಗುಲಾಮರೇ ಎಂಬುದು ಅವನ ವಾದ. 1911ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಸಟರ್ ಮನೆಯವರೆಲ್ಲ ಹಬ್ಬದ ವನಭೋಜನಕ್ಕೆ ಹೋಗಿದ್ದಾಗ ಅಣ್ಣತಮ್ಮಂದಿರು ಮೂವರೂ ಸೇರಿ ಪಿಯಾನೋ ಹೊತ್ತು ತಂದರು. ಅದಕ್ಕೆ ಬೆಲೆ ಅವನ ಪ್ರಾಣ. ರೈಲಿನ ಡಬ್ಬಿಯಲ್ಲಿ ಅಡಗಿದ್ದವನನ್ನು ಡಬ್ಬಿಗೇ ಬೆಂಕಿಯಿಟ್ಟು ಸುಟ್ಟರು.

ಉಳಿದವಳು ಹೆಂಡತಿ, ಅಂದರೆ ಬರ್ನೀಸ್‌ಳ ತಾಯಿ. ಆಕೆ ಹದಿನೇಳು ವರ್ಷ ದಿನಾ ಆ ಪಿಯಾನೋವನ್ನು ಉಜ್ಜಿದಳು. ಕೈಯಲ್ಲಿ ರಕ್ತ ಬರುವ ತನಕ ಉಜ್ಜಿದಳು. ಮಗಳನ್ನು ಕೂರಿಸಿ ಬಾರಿಸಲು ಹೇಳಿ ಕೇಳುತ್ತಿದ್ದಳು. ತಾಯಿ ಸತ್ತ ದಿನದಿಂದ ಬರ್ನೀಸ್ ಅದರ ಮುಚ್ಚಳ ಮುಚ್ಚಿದವಳು ಮತ್ತೆ ಮುಟ್ಟಿಲ್ಲ. ಮಾರುವುದೂ ಇಲ್ಲ, ಬಾರಿಸುವುದೂ ಇಲ್ಲ.

ಈ ಭಾಗ ಬಂದಾಗ ನಮ್ಮ ಮನೆಯಲ್ಲೂ ಎರಡು ಪಕ್ಷವಾಯಿತು. ಊಟಕ್ಕೆ ಕೂತಿದ್ದ ನಮ್ಮವರು, "ಹುಡುಗ ಹೇಳೋದ್ರಲ್ಲಿ ತಪ್ಪೇನಿದೆ? ಮರದ ಪೆಟ್ಟಿಗೆ ಇಟ್ಕೊಂಡು ಪೂಜೆ ಮಾಡ್ತಾರಾ? ಭೂಮಿ ಆದ್ರೆ ಮಕ್ಕಳು ಮರಿಗೆ ಆಗುತ್ತೆ" ಅಂದರು. ನಾಲ್ಕು ಎಕರೆ ತೆಂಗಿನ ತೋಟ ಮಾಡುವವರಿಗೆ ಬೇರೇನು ತೋಚೀತು? ನನಗೆ ಸಿಟ್ಟು ಬಂತು. "ಆ ತಾಯಿ ರಕ್ತ ಬರೋ ಹಾಗೆ ಉಜ್ಜಿದ್ದಾಳೆ, ಅದನ್ನ ಕಾಸಿಗೆ ಮಾರ್ತಾರಾ?" ಎಂದೆ. ಮಗಳು ನಗುತ್ತಿದ್ದಳು. ಅವಳ ಕಾಲೇಜಿನಲ್ಲೂ ಹುಡುಗರು ಹುಡುಗಿಯರು ಹೀಗೇ ಎರಡು ಪಾಲಾಗಿದ್ದರಂತೆ.

ಯೋಚಿಸುತ್ತಾ ಹೋದಂತೆ ನಮ್ಮವರ ಮಾತೂ ಪೂರ್ತಿ ತೆಗೆದುಹಾಕುವಂಥದ್ದಲ್ಲ ಅನ್ನಿಸಿತು. ಯಾವ ನೆಲದಲ್ಲಿ ಅಜ್ಜಂದಿರು ಬಿಟ್ಟಿ ದುಡಿದರೋ ಅದೇ ನೆಲಕ್ಕೆ ಮೊಮ್ಮಗ ಒಡೆಯನಾಗುವುದು ಸಣ್ಣ ಮಾತೇ? ಅಪ್ಪ ಬದುಕಿದ್ದರೆ ಇದನ್ನೇ ಮಾಡುತ್ತಿದ್ದ ಎಂದು ಆ ಹುಡುಗ ಹೇಳುವಾಗ ನನಗೂ ಗಂಟಲು ಕಟ್ಟಿತು. ಇನ್ನು ಬರ್ನೀಸ್ ವಿಷಯ. ಪಿಯಾನೋ ಕಾಪಾಡುತ್ತಾಳೆ, ಸರಿ. ಆದರೆ ಮಗಳು ಮರೀಥಾಗೆ ಅದರ ಕಥೆ ಹೇಳಿಯೇ ಇಲ್ಲ! ಮಗು ಅದರ ಮೇಲೆ ಶಾಲೆಯ ಪಾಠ ಬಾರಿಸುತ್ತದೆ, ಎದುರಿಗಿರುವ ಮುಖಗಳು ಯಾರವೆಂದು ಅದಕ್ಕೆ ಗೊತ್ತಿಲ್ಲ. ಹೇಳಿದರೆ ಆ ಭಾರ ಮಗುವಿನ ಹೆಗಲಿಗೂ ಬೀಳುತ್ತದೆ ಎಂದು ತಾಯಿಗೆ ಹೆದರಿಕೆ. ಒಂದು ದೃಶ್ಯದಲ್ಲಿ ಬರ್ನೀಸ್ ಒಲೆಯ ಮೇಲೆ ಬಾಚಣಿಗೆ ಕಾಯಿಸಿ, ಎಣ್ಣೆ ಹಚ್ಚಿ ಮಗಳ ಗುಂಗುರು ಕೂದಲನ್ನು ನೇರ ಮಾಡುತ್ತಿರುತ್ತಾಳೆ. ಮಗು ಮಿಸುಕಿದರೆ, ನೀನು ಗಂಡಾಗಿದ್ದರೆ ನನಗೆ ಈ ಪಾಡಿರಲಿಲ್ಲ ಎಂಬರ್ಥದಲ್ಲಿ ಗೊಣಗುತ್ತಾಳೆ. ತಮ್ಮ ತಕ್ಷಣ ಹಿಡಿದುಕೊಳ್ಳುತ್ತಾನೆ, ಮಗುವಿಗೆ ಇಂಥ ಮಾತು ಹೇಳಬಾರದು ಅಂತ. ಅವಳಿಗೆ ಪಿಯಾನೋ ಕಥೆ ಹೇಳಿ ತಲೆಯೆತ್ತಿ ನಡೆಯುವಂತೆ ಮಾಡಬೇಕಾದವಳು ನೀನು ಎನ್ನುತ್ತಾನೆ. ಎಣ್ಣೆ ಹಚ್ಚಿ ಜಡೆ ಹಾಕುತ್ತಾ ನಾವು ಹೆಣ್ಣುಮಕ್ಕಳಿಗೆ ಏನೇನು ಅಂದಿದ್ದೇವೋ! ಮಗಳು ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದಳು, ನಾನು ಸುಮ್ಮನೆ ಟೀವಿ ನೋಡಿದೆ.

ನಾಟಕದಲ್ಲಿ ದೆವ್ವವೂ ಇದೆ. ಬಾವಿಗೆ ಬಿದ್ದು ಸತ್ತ ಸಟರ್ ಈ ಮನೆಯ ಮಹಡಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಗುಲಾಮಗಿರಿ ಹೋಗಿ ಎಪ್ಪತ್ತು ವರ್ಷವಾದರೂ ಯಜಮಾನ ಮನೆ ಬಿಟ್ಟಿಲ್ಲ ನೋಡಿ. ಪಾದ್ರಿಯ ಮಂತ್ರ, ತೀರ್ಥ ಯಾವುದಕ್ಕೂ ಜಗ್ಗುವುದಿಲ್ಲ. ತಮ್ಮ ದೆವ್ವದ ಜೊತೆ ಕುಸ್ತಿಗೇ ಬೀಳುತ್ತಾನೆ. ಆಗ ಬರ್ನೀಸ್ ಏನು ಮಾಡಬೇಕೆಂದು ತೋಚದೆ, ಇಷ್ಟು ವರ್ಷ ಮುಟ್ಟದ ಪಿಯಾನೋ ಎದುರು ಕೂತು ಬಾರಿಸಲು ತೊಡಗುತ್ತಾಳೆ. ಅಜ್ಜಿ, ಅಮ್ಮ, ಅಪ್ಪ, ಒಬ್ಬೊಬ್ಬರ ಹೆಸರು ಹಿಡಿದು ಸಹಾಯಕ್ಕೆ ಬನ್ನಿ ಎಂದು ಕರೆಯುತ್ತಾಳೆ. ಮನೆ ನಿಶ್ಶಬ್ದವಾಗುತ್ತದೆ. ತಮ್ಮ ಪಿಯಾನೋ ಕೇಳುವುದನ್ನು ಬಿಟ್ಟು ಊರಿಗೆ ಹೊರಡುತ್ತಾನೆ. ಹೋಗುವಾಗ, ನೀನು ಬಾರಿಸುವುದನ್ನು ನಿಲ್ಲಿಸಿದರೆ ನಾನೂ ಬರುತ್ತೇನೆ, ಸಟರೂ ಬರುತ್ತಾನೆ ಎಂಬಂತೆ ಎಚ್ಚರಿಸಿ ಹೋಗುತ್ತಾನೆ. ಪಿಯಾನೋ ಉಳಿಯಿತಲ್ಲ ಎಂದು ನಾನು ಚಪ್ಪಾಳೆ ತಟ್ಟಿದೆ. ನಮ್ಮವರು ಕೈ ತೊಳೆಯಲು ಎದ್ದರು.

ಗುಲಾಮಗಿರಿಯ ನಾಟಕಗಳು ಅಮೆರಿಕದಲ್ಲಿ ಹೊಸತಲ್ಲ. ಮೊದಮೊದಲು ಬಿಳಿಯರೇ ಮುಖಕ್ಕೆ ಸುಟ್ಟ ಬೆಂಡಿನ ಮಸಿ ಬಳಿದುಕೊಂಡು, ಕರಿಯರನ್ನು ಪೆದ್ದರಂತೆ ಕುಣಿಸಿ ನಗಿಸುತ್ತಿದ್ದರು. ಅಂಥ ಕಾಲದಲ್ಲಿ ವಿಲಿಯಂ ವೆಲ್ಸ್ ಬ್ರೌನ್ ಎಂಬಾತ, ಸ್ವತಃ ಗುಲಾಮನಾಗಿದ್ದು 1834ರಲ್ಲಿ ತಪ್ಪಿಸಿಕೊಂಡು ಬಂದವನು, 'ದಿ ಎಸ್ಕೇಪ್' ಎಂಬ ನಾಟಕ ಬರೆದು 1858ರಲ್ಲಿ ಅಚ್ಚು ಹಾಕಿಸಿದ. ಆಡಲು ಕಂಪನಿ ಎಲ್ಲಿಂದ ಬರಬೇಕು? ಗುಲಾಮಗಿರಿ ವಿರೋಧಿಗಳ ಸಭೆಗಳಲ್ಲಿ ತಾನೊಬ್ಬನೇ ನಿಂತು ಎಲ್ಲ ಪಾತ್ರಗಳನ್ನೂ ಓದುತ್ತಿದ್ದ. ನಮ್ಮ ಹರಿಕಥೆ ದಾಸರು ಒಬ್ಬರೇ ರಾವಣನೂ ಆಗಿ ಸೀತೆಯೂ ಆಗುತ್ತಾರಲ್ಲ, ಹಾಗೆ ಅಂತ ನಾನು ಊಹಿಸಿಕೊಂಡೆ. ತಾನು ಪಟ್ಟ ಪಾಡನ್ನು, ಪಡಿಸಿದವನ ದನಿಯಲ್ಲೂ ಆಡಿ ತೋರಿಸುವುದು ಎಂಥ ಕಷ್ಟವೋ.

ಇದೆಲ್ಲ ಎಲ್ಲೋ ಏಳು ಸಮುದ್ರದಾಚೆಯ ಸಂಗತಿ ಅನ್ನಬೇಡಿ. ಆಫ್ರಿಕದಿಂದ ಗುಲಾಮರಾಗಿ ಹಡಗು ಹತ್ತಿದವರು ಅಮೆರಿಕಕ್ಕೆ ಮಾತ್ರ ಹೋಗಲಿಲ್ಲ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನಲ್ಲಿರುವ ಸಿದ್ದಿಯರನ್ನು ನೀವು ನೋಡಿರಬಹುದು. ಅವರಲ್ಲಿ ಬಹುಪಾಲು ಜನರ ಹಿರಿಯರನ್ನು ಪೋರ್ಚುಗೀಸರು ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ನಮ್ಮ ರಾಜ್ಯದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂನವರು ಮಂಚೀಕೇರಿಯ ಸಿದ್ದಿಯರ ಜೊತೆ ನಾಟಕ ಕಟ್ಟಿದರು. ಆಮೇಲೆ ಆ ಸಮುದಾಯದಿಂದ ಒಳ್ಳೊಳ್ಳೆಯ ನಟರು, ಹಾಡುಗಾರರು ಬಂದಿದ್ದಾರೆ. ದಮ್ಮಾಮ್ ಎಂಬ ಅವರ ಚರ್ಮವಾದ್ಯ ಬಡಿಯುವುದನ್ನು ಕೇಳಿದವರು ಮರೆಯುವುದಿಲ್ಲ. ಅವರಿಗೆ ಅದೇ ಪಿಯಾನೋ ಇರಬಹುದು.

ಯಜಮಾನನ ಮನೆಯ ಹೆಂಗಸು

ಪಿಯಾನೋ ನಾಟಕ ಇಷ್ಟವಾಯಿತೆಂದು ಮಗಳು ಇನ್ನೊಂದರ ಕಥೆ ಹೇಳಿದಳು. ಇದು ಗುಲಾಮರನ್ನು ಕೊಳ್ಳುವವರ ಮನೆಯ ಕಥೆ. ಆಫ್ರಿಕದ ಘಾನಾ ದೇಶದ ಲೇಖಕಿ ಅಮಾ ಅಟಾ ಐಡೂ ಬರೆದ 'ಅನೋವಾ'. 1970ರಲ್ಲಿ ಅಚ್ಚಾದದ್ದು. ಈಕೆ ಮುಂದೆ 1982ರಲ್ಲಿ ಆ ದೇಶದ ಶಿಕ್ಷಣ ಮಂತ್ರಿಯೂ ಆಗಿದ್ದರು, 2023ರಲ್ಲಿ ತೀರಿಕೊಂಡರು.

ಗುಲಾಮರನ್ನು ಬಿಳಿಯರು ಕೊಂಡುಕೊಂಡರು, ಸರಿ. ಹಿಡಿದು ಮಾರಿದವರು ಯಾರು, ಅದರಿಂದ ಮನೆ ಕಟ್ಟಿಕೊಂಡ ಆಫ್ರಿಕದವರು ಯಾರು ಎಂದು ಕೇಳಿದ ನಾಟಕ ಇದು. ತಮ್ಮವರನ್ನೇ ಕೇಳುವುದಕ್ಕೆ ಎಷ್ಟು ಧೈರ್ಯ ಬೇಕು!

ಅನೋವಾ ಎಂಬ ಹುಡುಗಿ ತಾಯಿಯ ಮಾತು ಮೀರಿ ತಾನೇ ಒಬ್ಬನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಗಂಡ ಹೆಂಡತಿ ಇಬ್ಬರೂ ಚರ್ಮದ ಮೂಟೆ ಹೊತ್ತು ದಾರಿ ಸವೆಸಿ ವ್ಯಾಪಾರ ಮಾಡುತ್ತಾರೆ. ಕೈಗೆ ಕಾಸು ಬಂದ ಮೇಲೆ ಗಂಡ, ಇನ್ನು ಆಳುಗಳನ್ನು ಕೊಂಡುಕೊಳ್ಳೋಣ, ನೀನು ಆರಾಮವಾಗಿ ಮನೆಯಲ್ಲಿ ಕೂರು ಎನ್ನುತ್ತಾನೆ. ಎಷ್ಟು ಹೆಂಗಸರಿಗೆ ಇದು ಸಂತೋಷದ ಮಾತಲ್ಲ ಹೇಳಿ? ಅನೋವಾ ಒಪ್ಪುವುದಿಲ್ಲ. ಮನುಷ್ಯರನ್ನು ಕೊಳ್ಳುವುದು ತಪ್ಪು ಎಂದು ಹಟ ಹಿಡಿಯುತ್ತಾಳೆ. ಗಂಡ ಕೊಳ್ಳುತ್ತಾನೆ, ಊರಿಗೇ ದೊಡ್ಡ ಶ್ರೀಮಂತನಾಗುತ್ತಾನೆ. ಬಂಗಲೆ ಏಳುತ್ತದೆ. ಇವಳು ಮಾತ್ರ ಆ ಬಂಗಲೆಯಲ್ಲಿ ಹಳೆಯ ಬಟ್ಟೆ ಉಟ್ಟು ಬರಿಗಾಲಲ್ಲಿ ಓಡಾಡುತ್ತಾಳೆ. ಜನ ಹುಚ್ಚು ಅನ್ನುತ್ತಾರೆ. ಮಕ್ಕಳಿಲ್ಲದವಳು ಎಂದೂ ಆಡಿಕೊಳ್ಳುತ್ತಾರೆ, ಅದು ಎಲ್ಲ ದೇಶದಲ್ಲೂ ಇದ್ದದ್ದೇ.

ಅವಳಿಗೆ ಯಾಕೆ ಅಷ್ಟು ಹಟ? ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿರುತ್ತಾಳೆ. ಸಮುದ್ರದ ದಡದಲ್ಲಿ ಬಿಳಿಯರು ಕಟ್ಟಿದ ಅಷ್ಟು ದೊಡ್ಡ ದೊಡ್ಡ ಮನೆಗಳು ಯಾಕೆ ಅಂತ. ಅವು ಮನೆಗಳಲ್ಲ, ಕೋಟೆಗಳು. ಎಲ್ಮಿನಾ ಎಂಬಲ್ಲಿ ಪೋರ್ಚುಗೀಸರು 1482ರಲ್ಲೇ ಕಟ್ಟಿದ್ದು ಇಂದಿಗೂ ನಿಂತಿದೆ. ಅಂಥ ಕೋಟೆಗಳ ನೆಲಮಾಳಿಗೆಯಲ್ಲಿ ಜನರನ್ನು ಕೂಡಿಹಾಕಿ ಹಡಗಿಗೆ ತುಂಬುತ್ತಿದ್ದರು. ಇಡೀ ಆಫ್ರಿಕದಿಂದ ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದವರ ಸಂಖ್ಯೆ ಸುಮಾರು ಒಂದು ಕಾಲು ಕೋಟಿ ಎಂದು ಚರಿತ್ರೆಕಾರರು ಲೆಕ್ಕ ಹಾಕಿದ್ದಾರೆ. ಅಜ್ಜಿ ಅಷ್ಟಿಷ್ಟು ಹೇಳಿ, ಇಂಥದ್ದನ್ನೆಲ್ಲ ಕೇಳಬಾರದು, ಒಳ್ಳೆಯವರು ಇದನ್ನು ಮರೆಯುತ್ತಾರೆ ಎಂದು ಬಾಯಿ ಮುಚ್ಚಿಸುತ್ತಾಳೆ. ಆ ರಾತ್ರಿ ಮಗುವಿಗೆ ಭಯಂಕರ ಕನಸು ಬಿದ್ದು ಜ್ವರ ಬರುತ್ತದೆ. ಆ ಜ್ವರ ಅವಳನ್ನು ಕೊನೆಯವರೆಗೂ ಬಿಡಲಿಲ್ಲ ಅನ್ನಿ. ನಾಟಕದ ಕೊನೆಗೆ ಗಂಡನೂ ಉಳಿಯುವುದಿಲ್ಲ, ಅವಳೂ ಉಳಿಯುವುದಿಲ್ಲ.

ಇಬ್ಬರು ಪುಟ್ಟ ಅವಳಿ ಮಕ್ಕಳು ಆ ಬಂಗಲೆಯಲ್ಲಿ ಯಾರೂ ಕೂತಿಲ್ಲದ ಕುರ್ಚಿಗೆ ಬೀಸಣಿಗೆ ಬೀಸುತ್ತಾ ನಿಂತಿರುತ್ತವೆ. ಮನೆಯ ಮಗುವಿನ ಹಾಗೆ ಇರಬೇಕಾದ ಕೂಸುಗಳು, ಖಾಲಿ ಕುರ್ಚಿಗೆ ಗಾಳಿ! ಮಗಳು ಇದನ್ನು ಹೇಳುವಾಗ ನನಗೆ ನಮ್ಮ ಅಟ್ಟದ ಬಿಂದಿಗೆ ನೆನಪಾಯಿತು.

ಅಟ್ಟದ ಬಿಂದಿಗೆ

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 2001ರಲ್ಲಿ. ಮೊದಲ ದೀಪಾವಳಿಗೆ ಅಟ್ಟದಿಂದ ಪಾತ್ರೆ ಇಳಿಸುವಾಗ ಒಂದು ಹಿತ್ತಾಳೆ ಬಿಂದಿಗೆಯನ್ನು ಅತ್ತೆಯವರು, "ಅದು ಬೇಡ, ಅಲ್ಲೇ ಇರಲಿ ಬಿಡು" ಅಂದಿದ್ದರು. ನೀರು ತುಂಬುವ ಹಬ್ಬಕ್ಕೆ ಬಿಂದಿಗೆ ಬೇಡ ಅಂದರೆ ಸೋರುತ್ತಿರಬೇಕು ಅಂದುಕೊಂಡೆ. ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನು ನಾನು ಕೇಳಲೇ ಇಲ್ಲ.

ಮಗಳು ಮೈಸೂರಿಗೆ ಹೋದ ಮಾರನೆಯ ದಿನ ಏಣಿ ಹಾಕಿ ಅದನ್ನು ಇಳಿಸಿದೆ. ಹುಣಿಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಸೋರುತ್ತಿರಲಿಲ್ಲ. ಕಂಠದ ಕೆಳಗೆ ಒಂದು ಹೆಂಗಸಿನ ಹೆಸರು ಎದ್ದು ಬಂತು. ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆ ಮನೆಯವರು ಈಗಲೂ ನಮ್ಮೂರಿನಲ್ಲೇ ಇದ್ದಾರೆ.

ಅತ್ತೆಯವರ ಮುಂದೆ ಇಟ್ಟು ಕೇಳಿದೆ. ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತಾ ಕೂತಿದ್ದು ಆಮೇಲೆ ಹೇಳಿದರು. ಅವರು 1973ರಲ್ಲಿ ಈ ಮನೆಗೆ ಬಂದಾಗ ಒಬ್ಬ ಆಳು ಜೀತಕ್ಕಿದ್ದನಂತೆ. ಯಾವುದೋ ಮದುವೆಗೆ ಪಡೆದ ಸಾಲ. ಎಷ್ಟು ಎಂದು ಅತ್ತೆಗೆ ಗೊತ್ತಿಲ್ಲ, ತೀರಿತೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಒಂದು ವರ್ಷ ಮಳೆ ಹೋಗಿ, ಅವನ ಹೆಂಡತಿ ಎರಡು ಸೇರು ರಾಗಿಗೆ ತವರಿನಿಂದ ತಂದಿದ್ದ ಬಿಂದಿಗೆಯನ್ನು ಇಲ್ಲಿ ಅಡ ಇಟ್ಟಳು. ಬಿಡಿಸಿಕೊಳ್ಳಲು ಆಗಲೇ ಇಲ್ಲ. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂತು, ಸಾಲವೆಲ್ಲ ಮನ್ನಾ ಅಂತ ಡಂಗುರ ಹೊಡೆಸಿದರು, ಆಳು ಹೋದ. ಬಿಂದಿಗೆ ಇಲ್ಲೇ ಉಳಿಯಿತು.

"ವಾಪಸು ಕೊಡಬಹುದಿತ್ತಲ್ಲ ಅತ್ತೆ?"

"ನಿಮ್ಮ ಮಾವನ ಅಪ್ಪ ಇದ್ರಲ್ಲ, ಯಾರು ಕೇಳೋರು? ಅವರು ಹೋದ್ಮೇಲೆ ಕೊಡೋಣ ಅಂದ್ರೆ, ಇಷ್ಟು ದಿನ ಯಾಕೆ ಇಟ್ಕೊಂಡಿದ್ರಿ ಅಂತ ಕೇಳ್ತಾರಲ್ಲ. ಅದಕ್ಕೆ ನಾನೂ ಅದರಲ್ಲಿ ನೀರು ಹಿಡೀಲಿಲ್ಲ ಕಣಮ್ಮ. ಒಂದು ದಿನಾನೂ ಹಿಡೀಲಿಲ್ಲ."

ಅಮೆರಿಕದ ಗುಲಾಮಗಿರಿಯೂ ನಮ್ಮ ಜೀತವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಮನುಷ್ಯನನ್ನೇ ಸಾಮಾನಿನ ಹಾಗೆ ಪತ್ರ ಬರೆದು ಮಾರುತ್ತಿದ್ದರು, ಹುಟ್ಟುವ ಮಗುವೂ ಯಜಮಾನನದೇ. ಇಲ್ಲಿ ಸಾಲದ ನೆಪವಿತ್ತು, ಜಾತಿಯ ಬಲವಿತ್ತು. ದೊಡ್ಡದಕ್ಕೆ ಹೋಲಿಸಿ ಚಿಕ್ಕದನ್ನು ದೊಡ್ಡದು ಮಾಡಬಾರದು, ದೊಡ್ಡದನ್ನು ನೋಡಿ ಚಿಕ್ಕದನ್ನು ಮುಚ್ಚಿಡಲೂಬಾರದು. ಒಂದು ವಿಷಯ ಮಾತ್ರ ನನಗೆ ಕುಟುಕಿತು. ನಾಟಕ ನೋಡುವಾಗ ನಾನು ಪೂರ್ತಿ ಬರ್ನೀಸ್ ಪಕ್ಷ ವಹಿಸಿ ಅತ್ತಿದ್ದೆ. ಬಿಂದಿಗೆ ತಿಕ್ಕಿದ ಮೇಲೆ ನೋಡಿದರೆ ನಾನಿರುವುದು ಒಫೀಲಿಯಾಳ ಮನೆಯಲ್ಲಿ.

ನಮ್ಮವರು ಗುಜರಿಯವನಿಗೆ ಹಾಕು, ಹಳೆಯದನ್ನು ಕೆದಕಬೇಡ ಅಂದರು. ಆಮೇಲೆ ತಾವೇ, "ಕೊಡೋದಾದ್ರೆ ನೀನೇ ಹೋಗಿ ಕೊಡು, ಯಾರನ್ನೂ ಕಳಿಸಬೇಡ" ಎಂದರು. ಅಷ್ಟಾದರೂ ಅಂದರಲ್ಲ.

ಆ ಹೆಂಗಸಿನ ಮೊಮ್ಮಗಳು ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಎದುರಿಗೆ ಸಿಕ್ಕರೆ ನಕ್ಕು ಮಾತಾಡಿಸುತ್ತಾಳೆ. ಹೋಗಿ ಅಂಗನವಾಡಿ ಬಾಗಿಲಲ್ಲಿ ನಿಂತೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೊದಲು ಅವಳ ಮಗನ ಶಾಲೆ ವಿಚಾರಿಸಿದೆ, ಮಳೆಯ ವಿಚಾರ ಮಾತಾಡಿದೆ. ಕೊನೆಗೆ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಕೇಳಲಿಲ್ಲ.

ಅವಳು ಸಿಟ್ಟು ಮಾಡಲಿಲ್ಲ, ಸಂತೋಷವನ್ನೂ ಪಡಲಿಲ್ಲ. ಮಕ್ಕಳಿಗೆ ಬಡಿಸುತ್ತಿದ್ದ ಸೌಟು ಕೈಯಲ್ಲೇ ಇತ್ತು. "ಅಜ್ಜಿ ಹೇಳ್ತಿತ್ತು ಅಕ್ಕಾ ಬಿಂದಿಗೆ ವಿಚಾರ. ಸಾಯೋವರೆಗೂ ಹೇಳ್ತಿತ್ತು. ಈಗ ತಗೊಂಡು ಏನ್ ಮಾಡೋದು? ನಮ್ಮನೇಲಿ ಎಲ್ಲಾ ಸ್ಟೀಲು, ನಲ್ಲಿ ಬೇರೆ ಇದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಮ್ಮನ್ನ ಕೇಳಿ ಹೇಳ್ತೀನಿ" ಎಂದಳು.

ಸರಿ ಎಂದು ಹೊರಟೆ. ಗೇಟಿನ ತನಕ ಬಂದಿದ್ದೆ. ಹಿಂದಿನಿಂದ ಕೂಗಿದಳು.

"ಅಕ್ಕಾ, ಅಜ್ಜಿ ಹೆಸರು ಓದೋ ಹಾಗಿದೆಯಾ ಇನ್ನೂ?"

ಇದೆ ಎಂದೆ.